ಜೋಡಿ ಸೊನ್ನೆಯ ಗುಂಡಿ

ನನ್ನ ಕ್ಯಾಲ್ಕ್ಯುಲೇಟರಿನ ಕೆಳಗಿನ ಸಾಲಿನಲ್ಲಿ ಎರಡು ಗುಂಡಿಗಳು ಮೈಗೆ ಮೈ ತಾಗಿಸಿಕೊಂಡು ಕೂತಿವೆ. ಒಂದರ ನೆತ್ತಿಯ ಮೇಲೆ ಒಂದು ಸೊನ್ನೆ, ಇನ್ನೊಂದರ ನೆತ್ತಿಯ ಮೇಲೆ ಎರಡು. ಗಾತ್ರದಲ್ಲಿ ಭೇದವಿಲ್ಲ, ವರ್ಣದಲ್ಲಿ ಭೇದವಿಲ್ಲ, ಒತ್ತಿದಾಗ ಹೊರಡುವ ‘ಟಿಕ್’ ಎಂಬ ಸದ್ದಿನಲ್ಲಿಯೂ ಭೇದವಿಲ್ಲ. ಸಮಾನತೆಯ ತತ್ತ್ವವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ನಮ್ಮ ಸಮಾಜದಲ್ಲಿ ಬೇರೆಲ್ಲಿಯೂ ಕಂಡಿಲ್ಲ. ಎರಡರ ನಡುವಿನ ಸಂದಿಯಲ್ಲಿ ಒಂದು ಸಾಸಿವೆ ಕಾಳು ಕೂತರೆ ಹೆಚ್ಚು. ಆ ಸಂದಿಯ ಮೇಲೆ ನನ್ನ ಹೆಬ್ಬೆರಳು ಇಳಿಯುತ್ತದೆ. ನನ್ನ ಹೆಬ್ಬೆರಳೋ, ತಲೆತಲಾಂತರದಿಂದ ಕುಂಟೆ ರೆಂಟೆ ಹಿಡಿದ ವಂಶದ್ದು. ಅದನ್ನು ಹಸಿ ನೆಲದ ಮೇಲೆ ಊರಿದರೆ ಶೇಂಗಾ ಬೀಜ ಬಿತ್ತುವಷ್ಟು ಕುಳಿ ಬೀಳುತ್ತದೆ. ಇಂಥ ಬೆರಳು ಇಂಥ ಸಂದಿಗೆ ಬಂದು ಕೂತಾಗ ಬೀಳುವುದು ಒಂದು ಸೊನ್ನೆಯೋ ಎರಡೋ ಎಂಬುದು ದೈವಚಿತ್ತ. ನನ್ನ ಅನುಭವದಲ್ಲಿ ದೈವಕ್ಕೆ ಎರಡರ ಮೇಲೆಯೇ ಪ್ರೀತಿ ಹೆಚ್ಚು.

ಈ ಜೋಡಿ ಸೊನ್ನೆಯ ಗುಂಡಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ನನಗೆ ತಿಳಿಯದು. ಎದುರಿಗೆ ಸಿಕ್ಕರೆ ಎರಡು ಮಾತು ಕೇಳುವುದಿದೆ. ಅಲ್ಲಪ್ಪಾ ಮಾರಾಯಾ, ಸೊನ್ನೆಗೆ ಒಂದು ಗುಂಡಿ ಕೊಟ್ಟಿದ್ದೀ. ಎರಡು ಬೇಕಾದವನು ಅದನ್ನೇ ಎರಡು ಸಲ ಒತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹೀಗೆ ಆಲಸ್ಯಕ್ಕೆ ಅನುಕೂಲ ಮಾಡಿಕೊಡುವುದೇ ನಿನ್ನ ಉದ್ದೇಶವಾಗಿದ್ದರೆ ಜೋಡಿ ಏಳು, ಜೋಡಿ ಒಂಬತ್ತುಗಳು ಏನು ಪಾಪ ಮಾಡಿದ್ದವು? ಸ್ವತಃ ಬೆಲೆಯಿಲ್ಲದ, ಇನ್ನೊಬ್ಬರ ಬೆನ್ನಿಗೆ ನಿಂತು ಬೆಲೆ ಏರಿಸುವ ಈ ಸೊನ್ನೆಗೆ ಮಾತ್ರ ಎರಡೆರಡು ಆಸನ ಯಾಕೆ? ರಾಮದುರ್ಗದಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಗೆಳೆಯನೊಬ್ಬ ಈ ಗುಂಡಿಯ ಪರಮಭಕ್ತ. “ಆ ಗುಂಡಿ ಇರಲಿಲ್ಲಂದ್ರ ಇಷ್ಟೊತ್ತಿಗೆ ನನ್ನ ಬಟ್ಟ ಸವದ ಹೋಗತಿತ್ತು” ಎನ್ನುತ್ತಾನೆ. ಅವನ ಬಟ್ಟು, ಎಂದರೆ ಬೆರಳು, ರೇಷ್ಮೆ ಮುಟ್ಟಿದ್ದು, ಸಣ್ಣಗೆ ನಾಜೂಕಾಗಿದೆ. ರೇಷ್ಮೆ ಮುಟ್ಟಿದ ಬೆರಳೂ ರೆಂಟೆ ಹಿಡಿದ ಬೆರಳೂ ಒಂದೇ ಗುಂಡಿಯನ್ನು ಒಂದೇ ರೀತಿ ಹೊಗಳಲಾರವು ಎಂಬುದನ್ನು ಅವನಿಗೆ ತಿಳಿಸಿ ಹೇಳುವುದು ನನ್ನಿಂದಾಗಿಲ್ಲ.

ವಸ್ತುಗಳನ್ನು ಮಾಡುವವರು ಅವುಗಳನ್ನು ಒಂದು ದಿನವಾದರೂ ಬಳಸಬೇಕು ಎಂಬ ಕಾನೂನು ಬರಬೇಕೆಂದು ನನ್ನ ಬಹುದಿನದ ಬೇಡಿಕೆ. ಸವದತ್ತಿಗೆ ಹೋಗುವ ಬಸ್ಸಿನ ಕಿಟಕಿಯ ಕವಾಟ ಮಾಡಿದವನು ಆ ಕಿಟಕಿಗೆ ಮೊಣಕೈ ಊರಿ ಒಂದು ಸಲ ಪ್ರಯಾಣ ಮಾಡಿದ್ದರೆ, ತಗ್ಗು ಬಂದಾಗಲೆಲ್ಲ ಅದು ಕೊಡಲಿಯ ಹಾಗೆ ಕೆಳಗೆ ಬೀಳುತ್ತಿರಲಿಲ್ಲ. ಸುರಿಯುವಾಗ ಚಹಾ ಬಸಿಯೊಳಗೆ ಬೀಳದೆ ತನ್ನದೇ ಗದ್ದ ಹಿಡಿದು ಇಳಿಯುವಂಥ ಕಿಟ್ಲಿ ಮಾಡಿದವನ ಮನೆಗೆ ಬೀಗರು ಬಂದೇ ಇರಲಿಕ್ಕಿಲ್ಲ. ನಾನು ಹೀಗೆ ಆವೇಶದಿಂದ ಮಾತನಾಡತೊಡಗಿದಾಗ ನನ್ನ ಹೆಂಡತಿ ತಲೆ ಎತ್ತದೆಯೇ ಹೇಳುವ ಮಾತೊಂದಿದೆ: “ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ.” ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಎಲ್ಲ ಸಿದ್ಧಾಂತಗಳಿಗೂ ಆಕೆ ಈ ಒಂದೇ ಗಾದೆಯಿಂದ ಉತ್ತರ ಕೊಟ್ಟಿದ್ದಾಳೆ.

ಇನ್ನು ನಾನು ಯಾರೆಂದು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹಾಸ್ಯ ಇರುವುದೇ ಅಲ್ಲಿ. ಬೈಲಹೊಂಗಲದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಬೇಡಿಕೆ ಹೆಚ್ಚಾದರೆ ಏನಾಗುತ್ತದೆ, ಪೂರೈಕೆ ಹೆಚ್ಚಾದರೆ ಏನಾಗುತ್ತದೆ ಎಂದು ಹಲಗೆಯ ಮೇಲೆ ವಕ್ರರೇಖೆ ಎಳೆದು ತೋರಿಸಿಯೇ ಹೊಟ್ಟೆ ಹೊರೆದವನು. ತೊಂಬತ್ತರ ದಶಕದ ನಡುವಿನಲ್ಲಿ ಈ ಯಂತ್ರವನ್ನು ಕೊಂಡು ತಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಅದೊಂದು ಸಂಭ್ರಮ. ಮೊದಲ ತಿಂಗಳಲ್ಲಿಯೇ ಎಪ್ಪತ್ತು ಅಂಕ ಪಡೆದ ಹುಡುಗಿಯೊಬ್ಬಳಿಗೆ ನೂರಕ್ಕೆ ಏಳುನೂರು ಕೊಟ್ಟು ನಾನು ದಾನಶೂರನೆನಿಸಿಕೊಂಡೆ. ಅದನ್ನು ತಿದ್ದಿದ ಮೇಲೂ ಆ ಹುಡುಗಿ ನನ್ನನ್ನು ಕಂಡಾಗ ಏನನ್ನೋ ಕಸಿದುಕೊಂಡವನನ್ನು ನೋಡುವ ಹಾಗೆ ನೋಡುತ್ತಿದ್ದಳು. ಇಷ್ಟಾದರೂ ಯಂತ್ರವನ್ನು ಅಂಗಿಯ ಕಿಸೆಯಲ್ಲಿ ಅದರ ಮೂತಿ ಹೊರಗೆ ಕಾಣುವಂತೆ ಇಟ್ಟುಕೊಂಡು ಓಡಾಡುವ ಚಟ ನನಗೆ ತಪ್ಪಲಿಲ್ಲ. ಆ ಚಟವೇ ನನ್ನನ್ನು ಮುನವಳ್ಳಿಯ ರೊಟ್ಟಿಯ ಪ್ರಕರಣಕ್ಕೆ ಎಳೆದುಕೊಂಡು ಹೋಯಿತು.

ಮುನವಳ್ಳಿಯಲ್ಲಿ ನನ್ನ ಚಿಗವ್ವ, ಎಂದರೆ ತಾಯಿಯ ತಂಗಿ, ನೀಲವ್ವ ಇದ್ದಾಳೆ. ಚಿಗವ್ವನ ಗಂಡ ನವಿಲುತೀರ್ಥದ ಅಣೆಕಟ್ಟಿನಲ್ಲಿ ನೌಕರಿಗಿದ್ದವರು. ಹೊಳೆಯ ನೀರನ್ನು ಹಿಡಿದಿಟ್ಟು ಹಿಡಿದಿಟ್ಟು ರೂಢಿಯಾಗಿಯೋ ಏನೋ, ಮಾತನ್ನೂ ಹಾಗೆಯೇ ಹಿಡಿದಿಟ್ಟಿದ್ದರು. ಮನೆಯ ಕಾರಭಾರವೆಲ್ಲ ಚಿಗವ್ವನದೇ. ಆಕೆಯ ಒಬ್ಬಳೇ ಮಗಳು ಶೋಭಾಳ ಮದುವೆ ಕಿತ್ತೂರಿನ ಹುಡುಗನೊಡನೆ ನಿಶ್ಚಯವಾಗಿತ್ತು. ಮದುವೆಗೆ ಹದಿನೈದು ದಿನ ಇರುವಾಗ ಚಿಗವ್ವನಿಂದ ಬುಲಾವು ಬಂತು: “ಈರಣ್ಣಗ ಹೇಳ್ರಿ, ಮಷೀನ ತಗೊಂಡ ಬಾ ಅಂತ.” ಮದುವೆಯ ಮನೆಗೆ ನನಗಿಂತ ಮೊದಲು ನನ್ನ ಯಂತ್ರಕ್ಕೆ ಆಮಂತ್ರಣ ಬಂದದ್ದು ನನಗೆ ಹೆಮ್ಮೆಯ ಸಂಗತಿಯೇ ಆಗಿತ್ತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಮದುವೆಗೆ ಅಡುಗೆಯವರನ್ನು ಕರೆಸಿದರೂ ಖಡಕ್ ರೊಟ್ಟಿಯನ್ನು ಮಾತ್ರ ಅವರಿಗೆ ಬಿಡುವುದಿಲ್ಲ. ಮದುವೆಯ ಮನೆಯ ಹೆಣ್ಣುಮಗಳು ಜೋಳದ ಹಿಟ್ಟನ್ನು ಪುಟ್ಟಿಯಲ್ಲಿ ತುಂಬಿ, ಮೇಲೆ ಅರಿಷಿಣ ಕುಂಕುಮ ಇಟ್ಟು, ಓಣಿಯ ಮನೆಮನೆಗೂ ಹೋಗುತ್ತಾಳೆ. ಆಯಾ ಮನೆಯವರು ಆ ಹಿಟ್ಟನ್ನು ತಮ್ಮ ಒಲೆಯ ಮೇಲೆ ರೊಟ್ಟಿ ಮಾಡಿ, ಒಣಗಿಸಿ, ಒಂದರ ಮೇಲೊಂದು ಪೇರಿಸಿ ಅಡಕಿ ಕಟ್ಟಿ ತಂದುಕೊಡುತ್ತಾರೆ. ಹಿಟ್ಟು ಇಸಿದುಕೊಂಡರೆ ‘ನೀವು ನಮ್ಮವರು’ ಎಂದರ್ಥ. ಇಸಿದುಕೊಳ್ಳದಿದ್ದರೆ ಏನರ್ಥ ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಅಂಥ ಪ್ರಸಂಗವನ್ನು ಓಣಿ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತದೆ.

ಚಿಗವ್ವನ ಓಣಿಯಲ್ಲಿ ಈ ಹಿಟ್ಟಿನ ರಾಜ್ಯಕ್ಕೆ ಒಬ್ಬ ರಾಣಿಯಿದ್ದಳು, ಕಾಶವ್ವ. ಚಿಗವ್ವನ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಯಾರ ಮನೆಯ ಮದುವೆಯೇ ಆಗಲಿ, ಎಷ್ಟು ರೊಟ್ಟಿ ಬೇಕು ಎಂಬ ಅಂದಾಜು ಹೇಳುವವಳು ಕಾಶವ್ವ. ಹಿಟ್ಟು ಮೊದಲು ಹೋಗುವುದು ಕಾಶವ್ವನ ಮನೆಗೆ. ಆಕೆ ಹಂಚು ಒಲೆಯ ಮೇಲಿಟ್ಟ ಮೇಲೆಯೇ ಉಳಿದ ಒಲೆಗಳಿಗೆ ಬೆಂಕಿ ಬೀಳುವುದು. ಆದರೆ ಈ ಕಾಶವ್ವನಿಗೂ ನಮ್ಮ ಚಿಗವ್ವನಿಗೂ ನಾಲ್ಕು ವರ್ಷದಿಂದ ಮಾತು ನಿಂತುಹೋಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ಕಾಶವ್ವನ ಮಗನ ಮದುವೆಯಲ್ಲಿ ಚಿಗವ್ವ ಮಾಡಿಕೊಟ್ಟ ರೊಟ್ಟಿಯನ್ನು ಕಾಶವ್ವ ಎತ್ತಿ ಹಿಡಿದು, ಹತ್ತು ಮಂದಿಯ ನಡುವೆ, “ಏನವ್ವಾ ನೀಲವ್ವಾ, ರೊಟ್ಟಿ ಮಾಡೀಯೋ, ಹೊಲದಾಗಿನ ಹೆಂಟಿ ತಂದೀಯೋ?” ಎಂದುಬಿಟ್ಟಳು. ಹೆಂಟೆ ಎಂದರೆ ಉಳುವಾಗ ಏಳುವ ಮಣ್ಣಿನ ಗಡ್ಡೆ. ಆಕೆ ಹೇಳಿದ್ದು ಚೇಷ್ಟೆಗೆ. ಆದರೆ ನಮ್ಮ ಕಡೆಯ ಹೆಣ್ಣುಮಗಳ ರೊಟ್ಟಿಯನ್ನು ದಪ್ಪ ಎನ್ನುವುದೆಂದರೆ ಪಂಡಿತನ ಮುಂದೆ ಅವನ ವ್ಯಾಕರಣ ಸಡಿಲ ಎಂದ ಹಾಗೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ಇಲ್ಲಿ ಮಾತು ಒಲೆಯನ್ನೂ ಕೆಡಿಸಿತ್ತು.

ಹೀಗಾಗಿ ಚಿಗವ್ವನ ಸಂಕಟ ದೊಡ್ಡದಿತ್ತು. ಕಾಶವ್ವನ ಹೊಸ್ತಿಲಿಗೆ ಹಿಟ್ಟು ಒಯ್ಯದೆ ಓಣಿಯ ಬೇರೆ ಮನೆಗೆ ಒಯ್ಯುವಂತಿಲ್ಲ. ಒಯ್ದು, ಆಕೆ ಬಾಗಿಲಲ್ಲಿಯೇ ‘ಒಲ್ಲೆ’ ಅಂದರೆ ಮಗಳ ಮದುವೆಯ ಹಂದರದ ಕೆಳಗೆ ತಲೆ ಎತ್ತಿ ಓಡಾಡುವಂತಿಲ್ಲ. ಆದ್ದರಿಂದ ಆಕೆ ಒಂದು ಹಟದ ಉಪಾಯ ಮಾಡಿದ್ದಳು: ತಾನು, ನನ್ನ ತಾಯಿ, ನನ್ನ ಹೆಂಡತಿ, ಮೂವರೇ ಕೂತು ಎಲ್ಲ ರೊಟ್ಟಿಯನ್ನೂ ಮಾಡಿಬಿಡುವುದು, ಯಾರ ಹಂಗೂ ಬೇಡ. ಆದರೆ ಎಷ್ಟು ರೊಟ್ಟಿ? ಇಷ್ಟು ವರ್ಷ ಅದನ್ನು ಹೇಳುತ್ತಿದ್ದವಳು ಗೋಡೆಯಾಚೆ ಇದ್ದಳು. ಆ ಖಾಲಿ ಜಾಗಕ್ಕೆ ನೇಮಕವಾದವನು ನಾನು, ಅರ್ಥಶಾಸ್ತ್ರದ ಮೇಷ್ಟ್ರು, ಯಂತ್ರಸಮೇತ.

ಚಿಗವ್ವ ಕಟ್ಟೆಯ ಮೇಲೆ ಕೂತು ಬೆರಳ ಗೆಣ್ಣು ಎಣಿಸುತ್ತ ಹೇಳಿದಳು, ನಾನು ಎದುರಿಗೆ ಕೂತು ಒತ್ತಿದೆ. ಊರವರು ಇನ್ನೂರು. ಸವದತ್ತಿಯ ಕಡೆಯ ನೆಂಟರು ಎಂಬತ್ತು. ರಾಮದುರ್ಗದವರು ಐವತ್ತು. ನಮ್ಮ ಬೈಲಹೊಂಗಲದವರು ಎಪ್ಪತ್ತು. “ಇನ್ನ ಕಿತ್ತೂರ ಬೀಗರು ಒಂದ ಬಸ್ಸ ಮಾಡಕೊಂಡ ಬರತಾರ, ಅರವತ್ತ ಮಂದಿ ಹಿಡಿ” ಎಂದಳು. ಆ ಹೊತ್ತಿಗೆ ಸರಿಯಾಗಿ ಶೋಭಾ ಚಹಾ ತಂದಳು. ನಾನು ಎಡಗೈಯಲ್ಲಿ ಬಸಿ ಹಿಡಿದು, ಬಾಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಚಿಗವ್ವನಿಗೆ ವಿವರಿಸುತ್ತ, ಬಲಗೈ ಹೆಬ್ಬೆರಳಿನಿಂದ ಆರು ಒತ್ತಿದೆ, ಮುಂದೆ ಸೊನ್ನೆ ಒತ್ತಿದೆ. ಅಥವಾ ಹಾಗೆಂದು ತಿಳಿದೆ. ಈ ಯಂತ್ರಗಳ ಇನ್ನೊಂದು ದುರ್ಗುಣವೆಂದರೆ ಕೂಡಿಸುವ ಗುಂಡಿ ಒತ್ತಿದ ಕೂಡಲೇ ಹಿಂದಿನ ಅಂಕಿ ಮಾಯವಾಗಿ ಬರಿಯ ಮೊತ್ತ ಉಳಿಯುತ್ತದೆ. ಮಾಡಿದ ಪಾಪ ಕಾಣದೆ ಫಲ ಮಾತ್ರ ಕಾಣುವ ಹಾಗೆ. ಪರದೆಯ ಮೇಲೆ ಒಂದು ಸಾವಿರ ಎಂದು ಮೂಡಿತು.

“ಭರ್ತಿ ಸಾವಿರ!” ಎಂದು ಚಿಗವ್ವನ ಮುಖ ಅರಳಿತು. ತುಂಡಿಲ್ಲದ ಸಂಖ್ಯೆ ಬಂದಾಗ ಯಾರಿಗೂ ಸಂಶಯ ಬರುವುದಿಲ್ಲ ನೋಡಿ, ಅದರ ಮುಖದಲ್ಲಿ ಒಂದು ಮಂಗಳಕಳೆ ಇರುತ್ತದೆ. ಆಳಿಗೆ ಮೂರರಂತೆ ಮೂರು ಸಾವಿರ ರೊಟ್ಟಿ ಎಂದು ನಾನು ತೀರ್ಪು ಕೊಟ್ಟೆ. ಅರಳಿದ ಮುಖ ಅಲ್ಲಿಗೇ ಬಾಡಿತು. ಮೂರು ಸಾವಿರ ರೊಟ್ಟಿಯನ್ನು ಮೂವರು ಹೆಂಗಸರು ಹಗಲಿಡೀ ಬಡಿದರೂ ಮದುವೆಯೊಳಗೆ ಮುಗಿಯುವಂತಿರಲಿಲ್ಲ. ಕಡಿಮೆ ಮಾಡೋಣವೆಂದರೆ, “ಬೀಗರ ಮುಂದ ರೊಟ್ಟಿ ಕಡಿಮಿ ಬಿತ್ತಂದ್ರ ನನ್ನ ಮಗಳು ಆ ಮನಿಯಾಗ ಹೆಂಗ ಬಾಳೇವ ಮಾಡಬೇಕೋ ತಮ್ಮಾ?” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟು ಹೊತ್ತು ಆಕೆಯನ್ನು ಹಟಮಾರಿ ಎಂದುಕೊಂಡಿದ್ದ ನನಗೆ, ಆಕೆ ಹಟದಿಂದಲ್ಲ, ಹೆದರಿಕೆಯಿಂದ ಕೂತಿದ್ದಾಳೆ ಎಂಬುದು ಆಗ ತಿಳಿಯಿತು. ಇನ್ನು ಉಳಿದಿದ್ದ ದಾರಿ ಒಂದೇ, ಕಾಶವ್ವನ ಹೊಸ್ತಿಲು.

ಮರುದಿನ ಮುಂಜಾನೆ ಚಿಗವ್ವ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಪುಟ್ಟಿಯ ತುಂಬ ಹಿಟ್ಟು ಹಾಕಿಕೊಂಡು ಹೊರಟಳು. ಜೊತೆಗೆ ನಾನೂ ಹೊರಟೆ. ಲೆಕ್ಕದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರಿಸಲು ತಜ್ಞನೊಬ್ಬ ಬೇಕಲ್ಲ! ಪಕ್ಕದ ಮನೆಯೇ ಆದರೂ ಆ ದಾರಿ ಅಂದು ಬಹಳ ಉದ್ದವಾಗಿತ್ತು. ಕಾಶವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು. ಎದುರು ಮನೆಯ ಕಿಟಕಿಯಲ್ಲಿ ಒಂದು ಮುಖ ಮೂಡಿತು, ಅದರ ಪಕ್ಕದ ಬಾಗಿಲಲ್ಲಿ ಎರಡು. ಚಿಗವ್ವ ಹೊಸ್ತಿಲ ಮುಂದೆ ನಿಂತಳು. ಪುಟ್ಟಿಯನ್ನು ಎರಡೂ ಕೈಯಿಂದ ಮುಂದೆ ಹಿಡಿದಳು.

“ಹಿಟ್ಟ ತಂದೇನಿ” ಎಂದಳು, ಅಷ್ಟೇ.

ಕಾಶವ್ವ ಮೊರದ ಮೇಲಿನ ಕಾಳನ್ನು ಒಂದು ಸಲ ಸರಿಸಿದಳು. “ಎಷ್ಟ ರೊಟ್ಟಿ?”

“ಒಟ್ಟ ಮೂರ ಸಾವಿರ. ನಮ್ಮ ಈರಣ್ಣ ಮಷೀನಿನ್ಯಾಗ ಲೆಕ್ಕಾ ಮಾಡ್ಯಾನ.”

ಆಗ ಕಾಶವ್ವ ನನ್ನನ್ನು ನೋಡಿದಳು. ಮುಖ ನೋಡಿ, ಕಿಸೆ ನೋಡಿ, ಮತ್ತೆ ಮುಖ ನೋಡಿದಳು. ವಿದ್ಯೆಯ ಮುಂದೆ ಜನಸಾಮಾನ್ಯರಿಗೆ ಉಂಟಾಗುವ ವಿಸ್ಮಯ ಅದು ಎಂದು ನಾನು ಭಾವಿಸಿದೆ. ಕಿಸೆಯ ಯಂತ್ರವನ್ನು ಬೆರಳ ತುದಿಯಿಂದ ತುಸು ಮೇಲಕ್ಕೆ ಎತ್ತಿದ್ದೂ ಉಂಟು. ಅಷ್ಟರಲ್ಲಿ ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಚಿಗವ್ವನ ಕೈಯಿಂದ ಪುಟ್ಟಿ ಇಸಿದುಕೊಂಡು, “ಅಲ್ಲೇ ಯಾಕ ನಿಂತಿ? ಒಳಗ ಬಾ. ಹೊರಗಿನಾಕಿ ಆದೇನ ನೀ?” ಎಂದಳು. ಚಿಗವ್ವ ಹೊಸ್ತಿಲು ದಾಟಿದಳೋ ಇಲ್ಲವೋ ಇಬ್ಬರೂ ಅಳತೊಡಗಿದರು. ತಜ್ಞನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಜೋಳದೊಳಗಿನ ಹರಳು ಆರಿಸುತ್ತ ಇದ್ದೆ.

ಮುಂದಿನ ಒಂದು ವಾರ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೊಂದೇ. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರು. ಓಣಿಯ ಕೊನೆಯ ಮನೆಯ ಮಾಬೂಬಿಯ ಹಂಚು ಕೂಡ ಒಲೆಯಿಂದ ಇಳಿಯಲಿಲ್ಲ. ಹಂದರದ ಕೆಲಸಕ್ಕೆ ಓಡಾಡುತ್ತಿದ್ದ ನಾನು ಕಾಶವ್ವನ ಅಡುಗೆ ಮನೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಹೇಳಬೇಕು. ಇಬ್ಬರೂ ಎದುರುಬದುರು ಕೂತಿದ್ದರು. ಕಾಶವ್ವ ಬಡಿದ ರೊಟ್ಟಿಯೊಂದು ನಡುವೆ ಹರಿಯಿತು. ಆಕೆ ಅದನ್ನು ಮತ್ತೆ ಮುದ್ದೆ ಮಾಡಿ, ಬೇಕಂತಲೇ ಮಂದವಾಗಿ ಬಡಿದು, ಹಂಚಿನ ಮೇಲೆ ಹಾಕಿ, “ನೋಡವ್ವಾ, ಇದಕ್ಕಂತಾರ ಹೆಂಟಿ. ನಿಂದೇನ ಹೆಂಟಿ ಅಲ್ಲ ಬಿಡು” ಎಂದಳು. ಕ್ಷಮೆ ಕೇಳುವುದಕ್ಕೆ ನಮ್ಮ ಕಡೆ ಬೇರೆ ಮಾತಿಲ್ಲ. ಚಿಗವ್ವ ಹಿಟ್ಟಿನ ಕೈಯಲ್ಲಿಯೇ ಆಕೆಯ ಬೆನ್ನಿಗೆ ಒಂದು ಗುದ್ದಿದಳು. ಸೀರೆಯ ಮೇಲೆ ಬಿಳಿಯ ಐದು ಬೆರಳು ಮೂಡಿದವು.

ಮದುವೆಯ ದಿನ ಬಂತು. ಕಿತ್ತೂರಿನ ಬೀಗರನ್ನು ಎದುರುಗೊಳ್ಳಲು ನಾನು ಊರ ಬಾಗಿಲಿಗೆ ನಿಂತಿದ್ದೆ. ಅವರ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಮದುಮಗ, ಅವನ ತಂದೆ, ಮುತ್ತೈದೆಯರು, ಮಕ್ಕಳು ಎಲ್ಲ ಇಳಿದರು. ಬೆಲ್ಲ ನೀರು ಕೊಟ್ಟದ್ದಾಯಿತು. ಚಿಗವ್ವ ಹೇಳಿದ ಒಂದು ಬಸ್ಸು ನನಗೆ ಮರೆತೇಹೋಗಿ, ತಲೆಯಲ್ಲಿ ಯಂತ್ರದ ಸಾವಿರ ಮಂದಿ ಮಾತ್ರ ಉಳಿದಿದ್ದರು. ನಾನು ರಸ್ತೆಯ ಕಡೆಗೇ ನೋಡುತ್ತ ನಿಂತದ್ದನ್ನು ಕಂಡು ಮದುಮಗನ ತಂದೆ, “ಯಾರ ದಾರಿ ಕಾಯಾಕ ಹತ್ತೀರಿ?” ಎಂದರು. “ಉಳದ ಬಸ್ಸು ಯಾವಾಗ ಬರತಾವ್ರಿ?” ಎಂದೆ. “ಉಳದ ಬಸ್ಸು? ಯಾವ ಬಸ್ಸರೀ? ನಾವು ಅರವತ್ತ ಮಂದಿ, ಇಷ್ಟ ಬಂದೇವಿ ನೋಡ್ರಿ” ಎಂದು ಅವರು ನಕ್ಕರು.

ನಾನು ಅಲ್ಲಿಂದ ಮೆಲ್ಲಗೆ ಜಾರಿದೆ. ಪಕ್ಕದ ಗುಡಿಯ ಹಿಂದೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಯಂತ್ರ ತೆಗೆದು, ಈ ಸಲ ತೋರುಬೆರಳಿನಿಂದ ಒಂದೊಂದಾಗಿ ಒತ್ತಿದೆ. ನಾಲ್ಕುನೂರ ಅರವತ್ತು. ಅರವತ್ತು ಬೀಗರನ್ನು ನಾನು ಆರುನೂರು ಮಾಡಿದ್ದೆ. ಒಂದು ಬಸ್ಸಿನ ಬದಲು ಹತ್ತು ಬಸ್ಸನ್ನು ಮುನವಳ್ಳಿಗೆ ಓಡಿಸಿದ್ದೆ. ಬೇಕಾದದ್ದರ ಎರಡು ಪಟ್ಟು ಮೀರಿ ಓಣಿ ರೊಟ್ಟಿ ಮಾಡಿತ್ತು. ಆ ಜೋಡಿ ಸೊನ್ನೆಯ ಗುಂಡಿಯನ್ನು ಆಗ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಗುಡಿಯೊಳಗಿನ ದೇವರಿಗೆ ಕೇಳಿಸಿದ್ದರೆ ಕ್ಷಮಿಸಿರಲಿ, ಅವನ ನೈವೇದ್ಯವೂ ಆ ರೊಟ್ಟಿಯಲ್ಲಿಯೇ ಸೇರಿತ್ತು.

ಊಟ ಮುಗಿಯುತ್ತ ಬಂದಿತ್ತು. ರೊಟ್ಟಿಯ ಉಗ್ರಾಣ ಕಾಶವ್ವನ ವಶದಲ್ಲಿತ್ತು. ಮದುವೆಯ ಮನೆಯಲ್ಲಿ ಅದು ಅತಿ ನಂಬಿಗಸ್ತರಿಗೆ ಮಾತ್ರ ಕೊಡುವ ಹುದ್ದೆ. ನಾನು ಕಳ್ಳನ ಹಾಗೆ ಒಳಗೆ ಹೋದೆ. ಎದೆ ಎತ್ತರಕ್ಕೆ ಅಡಕಿ ಅಡಕಿಯಾಗಿ ಇನ್ನೂ ರೊಟ್ಟಿ ನಿಂತಿದ್ದವು. ನಡುವೆ ಕಾಶವ್ವ ಕೂತು ಬಿಳಿ ಅರಿವೆಯ ತುಂಡುಗಳಲ್ಲಿ ರೊಟ್ಟಿಯನ್ನು ಗಂಟು ಕಟ್ಟುತ್ತಿದ್ದಳು.

“ಕಾಶವ್ವಾರ, ಲೆಕ್ಕಾ ತಪ್ಪೈತ್ರಿ” ಎಂದೆ.

“ಗೊತ್ತೈತಿ” ಎಂದಳು, ಕೈ ನಿಲ್ಲಿಸದೆ.

“ಯಾವಾಗಿಂದ ಗೊತ್ತರೀ?”

“ನೀವು ಬಾಗಲದಾಗ ನಿಂತು ಕಿಸೆ ಎತ್ತಿ ತೋರಿಸಿದ್ರಲ್ಲ, ಅವತ್ತಿಂದ. ಬೀಗರದು ಒಂದ ಬಸ್ಸ ಅಂತ ಓಣಿಗೆಲ್ಲಾ ಗೊತ್ತಿತ್ರಿ. ಒಬ್ಬೊಬ್ಬರ ಬಂದು ‘ಇಷ್ಟ್ಯಾಕ ಕಾಶವ್ವಾ’ ಅಂದ್ರು. ಬಾಯಿ ಮುಚಗೊಂಡ ಬಡೀರಿ ಅಂದೆ.”

ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು ವಾರ, ಅಷ್ಟು ಒಲೆ, ಅಷ್ಟು ಸೌದೆ, ಅಷ್ಟು ಮಂದಿ ಹೆಂಗಸರ ತೋಳು! “ಮತ್ತ ಅವತ್ತ ಒಂದ ಮಾತ ಹೇಳಬಾರದಾಗಿತ್ತೇನ್ರಿ?” ಎಂದೆ.

ಕಾಶವ್ವ ಗಂಟು ಕಟ್ಟುವುದನ್ನು ನಿಲ್ಲಿಸಿದಳು. “ಹೆಂಗ ಹೇಳಲ್ರಿ ಸರ? ನಾಕ ವರ್ಷ ಆದ ಮ್ಯಾಲೆ ಆಕಿ ನನ್ನ ಹೊಸ್ತಿಲಿಗೆ ಬಂದಿದ್ಲು. ‘ಹಿಟ್ಟ ತಂದೇನಿ’ ಅಂದ್ಲು, ಆ ಮಾತ ಸುದ್ದಾ ನೆಟ್ಟಗ ಬರವಲ್ದಾಗಿತ್ತು ಬಾಯಾಗ. ಆವಾಗ ನಾ ‘ಇಷ್ಟ ಯಾಕವ್ವಾ, ಅರ್ಧಾ ಸಾಕು’ ಅಂದಿದ್ರ ಆಕಿ ಕಿವಿಗೆ ಏನ ಕೇಳಸ್ತಿತ್ತು? ‘ನಾ ಮಾಡೂದಿಲ್ಲ’ ಅಂತನ ಕೇಳಸ್ತಿತ್ತು. ಪುಟ್ಟಿ ಹೊತಗೊಂಡು ಹೊಳ್ಳಿ ಹೋಗಿಬಿಡಾಕಿ. ಆಕಿ ಸ್ವಭಾವ ನಿಮಗಿಂತ ನನಗ ಗೊತ್ತು. ಲೆಕ್ಕಾ ತಿದ್ದೂ ಹೊತ್ತೇನ್ರಿ ಅದು?”

ಅರಿವೆಯ ಗಂಟನ್ನು ಬಿಗಿದು ಮತ್ತೆ ಹೇಳಿದಳು: “ಈ ನಾಕ ವರ್ಷ ನಾ ಏನ ಸುಖದಾಗ ಇದ್ದೆ ಅಂತ ತಿಳದೀರಿ? ಗ್ವಾಡಿ ಆ ಕಡೆ ಆಕಿ ಕೆಮ್ಮಿದ್ರ ನನಗಿಲ್ಲೆ ತುತ್ತ ಇಳೀತಿದ್ದಿಲ್ಲ. ಒಂದ ಮಾತ ಆಡಿ ಕುಂತಿದ್ದೆ. ಅದನ್ನ ಹೊಳ್ಳಿ ಹೆಂಗ ತಗೋಬೇಕು, ತಿಳೀವಲ್ದಾಗಿತ್ತು.”

ವಕ್ರರೇಖೆಗಳನ್ನು ಎಳೆದು ಬದುಕಿದವನು ನಾನು. ಸರಿಯಾದ ಲೆಕ್ಕವನ್ನು ಹೇಳುವುದು ಯಾವಾಗಲೂ ಒಳ್ಳೆಯದೆಂದೇ ನಾನು ನಂಬಿದ್ದೆ. ಇಪ್ಪತ್ತು ವರ್ಷ ಹಾಗೆಯೇ ಪಾಠ ಮಾಡಿದ್ದೆ. ಮಂದಿಯ ತಪ್ಪನ್ನು ಕಂಡಲ್ಲಿಯೇ ತಿದ್ದಿ, ಅವರು ಪುಟ್ಟಿ ಹೊತ್ತು ಹಿಂದಕ್ಕೆ ಹೋದದ್ದನ್ನು ನೋಡದೆಯೇ ನಾನು ಎಷ್ಟು ಹೊಸ್ತಿಲುಗಳಲ್ಲಿ ನಿಂತಿದ್ದೆನೋ! ನಿಮಗೂ ಅಂಥ ಒಂದೆರಡು ನೆನಪಾಗುತ್ತಿರಬಹುದು, ಆದರೆ ಹೇಳಿಕೊಳ್ಳಿರೆಂದು ನಾನು ಒತ್ತಾಯಿಸುವುದಿಲ್ಲ.

“ಇರಲಿ, ಈಗರೆ ಚಿಗವ್ವಗ ಹೇಳಿಬಿಡತೇನಿ. ತಪ್ಪ ನಂದು” ಎಂದು ನಾನು ಹೊರಟೆ. ಕಾಶವ್ವ ನನ್ನ ತೋಳನ್ನೇ ಹಿಡಿದಳು.

“ಹೇಳಗೀಳೀರಿ ಮತ್ತ! ಲೆಕ್ಕಾ ತಪ್ಪಿತ್ತು ಅಂತ ನೀವು ಅಂದ್ರ, ಆಕಿ ನನ್ನ ಮನಿಗೆ ಬಂದದ್ದೂ ತಪ್ಪಿ ಬಂದಂಗ ಆಗತೈತಿ. ಆಕಿ ತಪ್ಪಿ ಬಂದಿಲ್ಲ. ಬರಬೇಕಂತ ಬಂದಾಳ. ಹಂಗ ಇರಲಿ ಅದು.”

ನಾನು ಕೂತುಬಿಟ್ಟೆ. ಕೂತವನ ಕೈಗೆ ಆಕೆ ಅರಿವೆ ಕೊಟ್ಟು, ಗಂಟು ಕಟ್ಟಲು ಹಚ್ಚಿದಳು. ಹೊರಡುತ್ತಿದ್ದ ಬೀಗರಲ್ಲಿ ಪ್ರತಿಯೊಬ್ಬರ ಕೈಗೂ, ತೊಟ್ಟಿಲ ಕೂಸಿನ ಹೆಸರಿಗೂ ಬಿಡದೆ, ಒಂದೊಂದು ರೊಟ್ಟಿ ಗಂಟು ಹೋಯಿತು. ಸವದತ್ತಿಯವರಿಗೆ, ರಾಮದುರ್ಗದವರಿಗೆ, ಹಂದರ ಹಾಕಿದವರಿಗೆ, ಬಸ್ಸಿನ ಡ್ರೈವರನಿಗೆ. “ಇದೇನ್ರಿ ಇದು?” ಎಂದು ಕಿತ್ತೂರಿನ ಹಿರಿಯ ಹೆಣ್ಣುಮಗಳು ಬೆರಗಿನಿಂದ ಕೇಳಿದರೆ, ಕಾಶವ್ವ ಕಣ್ಣು ಪಿಳುಕಿಸದೆ, “ನಮ್ಮ ಓಣ್ಯಾಗ ಬೀಗರನ್ನ ಬರಿಗೈಲೆ ಕಳಸೂದಿಲ್ರಿ. ಮೊದಲಿಂದ ನಡಕೊಂಡ ಬಂದ ಪದ್ಧತಿ” ಎಂದಳು. ಆ ಪದ್ಧತಿಗೆ ಆಗ ಅರ್ಧ ತಾಸು ವಯಸ್ಸಾಗಿತ್ತು. ಹೊಸ ಶತಮಾನ ಬಂದ ಮೇಲೆ ಆ ಓಣಿಯಲ್ಲಿ ಆದ ಮದುವೆಗಳಿಗೂ ನಾನು ಹೋಗಿದ್ದೇನೆ. ಅಲ್ಲಿ ಈಗಲೂ ಬೇಕಾದದ್ದರ ಎರಡು ಪಟ್ಟು ರೊಟ್ಟಿ ಮಾಡುತ್ತಾರೆ, ಗಂಟು ಕಟ್ಟುತ್ತಾರೆ. ಹೊಸದಾಗಿ ಸೊಸೆಯಾಗಿ ಬಂದವರು ಅದರ ಶಾಸ್ತ್ರವನ್ನು ನನಗೇ ತಿಳಿಸಿ ಹೇಳುತ್ತಾರೆ. ನಾನು ವಿನಯದಿಂದ ಕೇಳಿಸಿಕೊಳ್ಳುತ್ತೇನೆ.

ಅಂದು ಸಂಜೆ ಬೀಗರ ಬಸ್ಸು ಹೊರಟುಹೋಯಿತು. ಮಗಳನ್ನು ಕಳಿಸಿ ಅತ್ತ ಕಣ್ಣುಗಳಲ್ಲಿ ಚಿಗವ್ವ ಉಗ್ರಾಣಕ್ಕೆ ಬಂದಳು. ಎಲ್ಲ ಪುಟ್ಟಿಗಳೂ ಬರಿದಾಗಿದ್ದವು. ತಳದಲ್ಲಿ ಒಂದಿಷ್ಟು ರೊಟ್ಟಿಯ ಮುರುಕು, ಅಷ್ಟೇ. ಆಕೆ ಒಂದೊಂದನ್ನೇ ಬಗ್ಗಿ ನೋಡಿದಳು. ನಾನು ಕಿಸೆಯ ಯಂತ್ರದ ಮೂತಿಯನ್ನು ಒಳಗೆ ತಳ್ಳಿದೆ.

“ನೋಡಿದ್ಯಾ ಕಾಶವ್ವಾ” ಎಂದಳು. “ಒಂದ ರೊಟ್ಟಿ ಕಡಿಮಿ ಬೀಳಲಿಲ್ಲ, ಒಂದ ಉಳೀಲಿಲ್ಲ. ನಮ್ಮ ಈರಣ್ಣನ ಮಷೀನ ಎಷ್ಟ ಬರೋಬರಿ ಹೇಳಿತ್ತ ನೋಡು!”

“ಹೂಂ ಮತ್ತ. ಕಲತವ್ರ ಲೆಕ್ಕಾ ಅಂದ್ರೇನು” ಎಂದಳು ಕಾಶವ್ವ. ನನ್ನ ಕಡೆ ನೋಡಲಿಲ್ಲ. ಚಿಗವ್ವನ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿ, “ನೀ ಮುಂಜಾನಿಂದ ಒಂದ ತುತ್ತ ತಿಂದಿಲ್ಲ, ನಾ ನೋಡೇನಿ” ಎಂದಳು.

ಚಿಗವ್ವ ಬರಿದಾದ ಪುಟ್ಟಿಗಳ ಕಡೆ ನೋಡಿ ಆ ದಿನ ಮೊದಲ ಸಲ ನಕ್ಕಳು. “ತಿನ್ನೂದೇನವ್ವಾ? ರೊಟ್ಟಿನ ಇಲ್ಲ.”

“ಬಾ ನಮ್ಮ ಮನಿಗೆ” ಎಂದಳು ಕಾಶವ್ವ. “ಎರಡ ಬಿಸಿ ರೊಟ್ಟಿ ಬಡದ ಕೊಡತೇನಿ. ನಿನಗೊಂದು, ನನಗೊಂದು.”